ಬಲಹೃದಯದ ಬವಣೆ

ಹೃದಯದ ಚಿತ್ರ ಬರೆಸುವಾಗ ಮಕ್ಕಳಿಗೆ ಹೇಳುತ್ತೇನೆ: ಎಡಭಾಗದ ಗೋಡೆ ದಪ್ಪಗಿರಲಿ, ಬಲಭಾಗದ್ದು ತೆಳ್ಳಗಿರಲಿ. 'ಯಾಕೆ ಸಾರ್?' ಎಂದು ಒಬ್ಬರಾದರೂ ಕೇಳಿದರೆ ಅಂದಿನ ಪಾಠ ಸಾರ್ಥಕ. ಎಡ ಹೃತ್ಕುಕ್ಷಿ ಇಡೀ ದೇಹಕ್ಕೆ ರಕ್ತ ನೂಕಬೇಕು. ಅದಕ್ಕೆ ಸುಮಾರು 120 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬೇಕು. ಬಲ ಹೃತ್ಕುಕ್ಷಿ ರಕ್ತ ಕಳಿಸುವುದು ಪಕ್ಕದ ಶ್ವಾಸಕೋಶಗಳಿಗೆ ಮಾತ್ರ, 25ರಷ್ಟು ಸಾಕು.

ಹುಟ್ಟುವಾಗಲೇ ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ರಂಧ್ರವಿದ್ದರೆ? ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತದ ಒಂದು ಪಾಲು ದೇಹಕ್ಕೆ ಹೋಗದೆ ಬಲಗಡೆಗೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ರಂಧ್ರ ದೊಡ್ಡದಾದರೆ ಬಲಭಾಗಕ್ಕೆ ದುಪ್ಪಟ್ಟು ದುಡಿಮೆ. ಆದರೂ ಮಗು ಓಡಾಡಿಕೊಂಡೇ ಇರುತ್ತದೆ. ಆ ತೆಳುಗೋಡೆಯ ಕೋಣೆ ಹಿಗ್ಗಿ ಹಿಗ್ಗಿ ವರ್ಷಗಟ್ಟಲೆ ಸಹಿಸಿಕೊಳ್ಳುತ್ತದೆ. ಎಷ್ಟೋ ಜನರಲ್ಲಿ ತೊಂದರೆ ಕಾಣುವುದು ಮೂವತ್ತು, ನಲವತ್ತು ದಾಟಿದ ಮೇಲೆ.

ನನ್ನ ತರಗತಿಯಲ್ಲೊಬ್ಬಳು ಹುಡುಗಿ ಇದ್ದಳು. ಖೊಖೊ ಆಟದಲ್ಲಿ ಎರಡು ಸುತ್ತಿಗೇ ಕೂತುಬಿಡುತ್ತಿದ್ದಳು. ಮೈಗಳ್ಳಿ ಎಂದು ಗದರಿದವರಲ್ಲಿ ನಾನೂ ಒಬ್ಬ. ಶಾಲೆಗೆ ಬಂದ ವೈದ್ಯರು ಎದೆಯಲ್ಲಿ ಸದ್ದಿದೆ, ದೊಡ್ಡಾಸ್ಪತ್ರೆಗೆ ತೋರಿಸಿ ಎಂದು ಚೀಟಿ ಬರೆದರು. ಅವಳ ತಂದೆ, 'ಹೆಣ್ಣುಮಗು ಮೇಷ್ಟ್ರೇ, ನಾಳೆ ಮದುವೆ ಮಾಡ್ಬೇಕು. ಹಾರ್ಟಿನ ಸುದ್ದಿ ಊರಿಗೆ ಗೊತ್ತಾಗೋದು ಬೇಡ' ಎಂದರು. ನಾನೂ ಸುಮ್ಮನಾದೆ. ಇಪ್ಪತ್ತು ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ನಾಲ್ಕು ಮೆಟ್ಟಿಲಿಗೆ ಏದುಸಿರು.

ಬಚ್ಚಲ ಕಿಂಡಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ನಿಲ್ಲುವುದಿಲ್ಲವೇ? ಬಲಹೃದಯ ಸೋತಾಗ ಆಗುವುದೂ ಅದೇ. ದೇಹದಿಂದ ಮರಳುವ ರಕ್ತ ಹಿಂದೆ ತಡೆದು ನಿಲ್ಲುತ್ತದೆ. ಕತ್ತಿನ ನರ ಉಬ್ಬುತ್ತದೆ, ಯಕೃತ್ತು ದೊಡ್ಡದಾಗುತ್ತದೆ, ಕಾಲಿನಲ್ಲಿ ನೀರು ತುಂಬುತ್ತದೆ.

ಇನ್ನೂ ತಡವಾದರೆ ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳೇ ಗಡುಸಾಗಿ ಒತ್ತಡ ವಿಪರೀತ ಏರುತ್ತದೆ. ಆಗ ಪ್ರವಾಹ ತಿರುವುಮುರುವಾಗಿ ಮಲಿನ ರಕ್ತ ಎಡಕ್ಕೆ ಹರಿದು, ತುಟಿ, ಉಗುರು ನೀಲಿಗಟ್ಟುತ್ತವೆ. 1897ರಲ್ಲಿ ವಿಕ್ಟರ್ ಐಸೆನ್‌ಮೆಂಗರ್ ಎಂಬ ವೈದ್ಯ ಇಂಥ ರೋಗಿಯೊಬ್ಬನ ವಿವರ ಬರೆದ. ಆತನಿಗೆ 32 ವರ್ಷ. ರಂಧ್ರವಿದ್ದದ್ದು ಹೃತ್ಕುಕ್ಷಿಗಳ ನಡುವೆ. ಈ ಹಂತ ತಲುಪಿದ ಮೇಲೆ ರಂಧ್ರ ಮುಚ್ಚುವುದೇ ಅಪಾಯ. ಏಕೆಂದರೆ ಬಲಹೃದಯಕ್ಕೆ ಆಗ ಅದೊಂದೇ ಹೊರದಾರಿ.

ನನ್ನ ಶಿಷ್ಯೆಯ ಅದೃಷ್ಟ, ಒತ್ತಡ ಅಷ್ಟು ಏರಿರಲಿಲ್ಲ. 1953ರಲ್ಲಿ ಜಾನ್ ಗಿಬ್ಬನ್ ತಮ್ಮ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಹೊಲಿದದ್ದು ಇಂಥದೇ ರಂಧ್ರ. ಈಗ ಎಷ್ಟೋ ಜನರಿಗೆ ಎದೆ ತೆರೆಯದೆ, ತೊಡೆಯ ಸಂದಿನ ರಕ್ತನಾಳದಿಂದ ನಳಿಕೆ ತೂರಿಸಿ ಮುಚ್ಚುತ್ತಾರೆ. ಇವಳಿಗೂ ಹಾಗೇ ಆಯಿತು. ಆದರೆ ಹಿಗ್ಗಿದ ಕೋಣೆ ಪೂರ್ತಿ ಕುಗ್ಗಿಲ್ಲ, ಮಾತ್ರೆ ತಪ್ಪಿಲ್ಲ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ಬಂದು ಹುಟ್ಟು ಹೃದ್ರೋಗವನ್ನೂ ತಪಾಸಣೆ ಮಾಡುತ್ತವೆ. ಮಕ್ಕಳ ಎದೆಯ ಸದ್ದೆಲ್ಲ ರೋಗವಲ್ಲ. ಬಹುಪಾಲು ನಿರಪಾಯಕಾರಿ. ಯಾವುದು ಯಾವುದೆಂದು ತಿಳಿಯಲು ಎಕೋ ಪರೀಕ್ಷೆ ಇದೆ, ನೋವಿಲ್ಲ. ಅಂಥ ಚೀಟಿ ಬಂದಾಗ ಈಗ ನಾನೇ ಮನೆಗೆ ಹೋಗುತ್ತೇನೆ.

ಹೋದ ತಿಂಗಳು ಅವಳು ತನ್ನ ಮಗಳಿಗೂ ಎಕೋ ಮಾಡಿಸಿದಳು. ಗೋಡೆ ಭದ್ರವಾಗಿದೆಯಂತೆ. ಹುಡುಗಿ ಶಾಲೆಯ ಖೊಖೊ ತಂಡದಲ್ಲಿದ್ದಾಳೆ.