ಸಾಗರ ದಾಟಿದ ಸ್ಪರ್ಶ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೀರೆ ಕೊಳ್ಳಲು ಬಂದ ಗೃಹಿಣಿಯನ್ನು ಗಮನಿಸಿರಿ. ಬಣ್ಣ ಕಣ್ಣಿಗೆ ಒಪ್ಪಿದರೂ, ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡದೆ ಆಕೆ ಹಣ ತೆಗೆಯಲಾರಳು. ಪರದೇಶದಲ್ಲಿರುವ ಮಗಳಿಗೆ ಅದೇ ಸೀರೆಯನ್ನು ಮೊಬೈಲಿನಲ್ಲಿ ತೋರಿಸಿದಾಗ ಅಲ್ಲಿಂದ ಬರುವ ಪ್ರಶ್ನೆಯೂ “ಬಟ್ಟೆ ಮೆತ್ತಗಿದೆಯೇನಮ್ಮ?” ಎಂಬುದೇ. ರೂಪವೂ ಧ್ವನಿಯೂ ಕ್ಷಣಮಾತ್ರದಲ್ಲಿ ಸಾಗರ ದಾಟುತ್ತವೆ. ಸ್ಪರ್ಶ ಮಾತ್ರ ಅಂಗಡಿಯಲ್ಲೇ ಉಳಿದುಬಿಡುತ್ತದೆ.

ಸೀರೆಯ ಮಟ್ಟಿಗೆ ಇದು ಸಣ್ಣ ಕೊರತೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ ಅದು ಸಣ್ಣದಲ್ಲ. 1923ರಲ್ಲಿ ಕಬ್ಬಿಣ ಕರಗಿಸತೊಡಗಿ, ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆಯ ಸುತ್ತ ಬೆಳೆದ ಊರದು. ಎರಕದ ಕೆಲಸದಲ್ಲಿ ನುರಿತವನು ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಆ ಉಂಡೆಯನ್ನು ಮುರಿದು ನೋಡಿ, ತೇವ ಹದವಾಗಿದೆಯೋ ಇಲ್ಲವೋ ಎಂದು ಹೇಳಬಲ್ಲನು. ಈ ವಿದ್ಯೆಯ ಮುಖ್ಯಭಾಗ ಇರುವುದು ಪುಸ್ತಕದಲ್ಲಲ್ಲ, ಬೆರಳಿನಲ್ಲಿ. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಊರು ತಲ್ಲಣಿಸಿತು. ಆಗಸ್ಟಿನಲ್ಲಿ ಒಂದು ಭಾಗದಲ್ಲಿ ಕೆಲಸ ಮತ್ತೆ ಮೊದಲಾಯಿತು. ಯಂತ್ರ ನಿಂತರೆ ಮತ್ತೆ ಓಡಿಸಬಹುದು. ಹಳಬರು ಮನೆ ಸೇರಿ, ಕಿರಿಯರು ಊರೂರಿಗೆ ಚದುರಿದ ಮೇಲೆ ಕೈಯ ವಿದ್ಯೆಯನ್ನು ದಾಟಿಸುವುದು ಹೇಗೆ? ದೂರದಿಂದಲೇ ಮುಟ್ಟಿಸಿ ಕಲಿಸಬಹುದೆ?

ಪ್ರಶ್ನೆ ಹೊಸದಲ್ಲ. 1950ರ ದಶಕದಲ್ಲಿ ಅಮೆರಿಕದ ರೇಮಂಡ್ ಗೋರ್ಟ್ಸ್ ಎಂಬ ವಿಜ್ಞಾನಿ, ವಿಕಿರಣ ಸೂಸುವ ವಸ್ತುಗಳನ್ನು ದಪ್ಪ ಗೋಡೆಯ ಈಚೆಯಿಂದಲೇ ಹಿಡಿದೆತ್ತುವ ಯಂತ್ರದ ಕೈಯನ್ನು ರೂಪಿಸಿದನು. ಆಚೆಯ ಕೈಗೆ ತಗುಲಿದ ತಡೆ ಈಚೆಯ ಮನುಷ್ಯನ ಕೈಗೂ ತಿಳಿಯುತ್ತಿತ್ತು. ಗೋಡೆಯ ಬದಲು ಮಹಾಸಾಗರವೇ ನಡುವೆ ಇದ್ದರೆ?

ಆ ಪ್ರಯೋಗವೂ ನಡೆಯಿತು. ಅದರ ಮುಂದಾಳುಗಳಲ್ಲೊಬ್ಬರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಪರ್ಶದ ಪ್ರಯೋಗಶಾಲೆಯನ್ನು ನಡೆಸಿದ ಮಂಡಯಂ ಶ್ರೀನಿವಾಸನ್. 2000ದಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಪ್ರಯೋಗವೊಂದು ಜಾತ್ರೆಯ ಆಟದಂತಿತ್ತು. ಒಬ್ಬರನ್ನೊಬ್ಬರು ಕಾಣದ ಇಬ್ಬರು, ಕಂಪ್ಯೂಟರಿನ ಕಲ್ಪಿತ ಲೋಕದಲ್ಲಿ ಒಂದೇ ಬಳೆಯನ್ನು ಎರಡು ಕಡೆಯಿಂದ ಹಿಡಿದು, ತಂತಿಗೆ ತಗುಲದಂತೆ ಸಾಗಿಸಬೇಕು. ಬರಿಯ ಕಣ್ಣಿನಿಂದ ಆಡಿದ್ದಕ್ಕಿಂತ, ಎದುರಾಳಿಯ ಸೆಳೆತ ಕೈಗೆ ತಿಳಿಯುವಂತೆ ಆಡಿದಾಗ ಆಟ ಚೆನ್ನಾಯಿತು. ಅಷ್ಟೇ ಅಲ್ಲ, ‘ಜೊತೆಗೊಬ್ಬರಿದ್ದಾರೆ’ ಎಂಬ ಭಾವನೆಯೂ ಬಲಿಯಿತು. 2002ರ ಅಕ್ಟೋಬರ್ 29ರಂದು ಎಂ.ಐ.ಟಿ.ಯಲ್ಲಿ ಒಬ್ಬರು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇನ್ನೊಬ್ಬರು ಕುಳಿತು, ಪರದೆಯ ಮೇಲಿನ ಪೆಟ್ಟಿಗೆಯೊಂದನ್ನು ಕೂಡಿ ಎತ್ತಿದರು. ಲೇಖನಿಯಂಥ ಹಿಡಿಯುಳ್ಳ ಪುಟ್ಟ ಯಂತ್ರದ ಮೂಲಕ ಆಚೆಯವರ ಒತ್ತು ಈಚೆಯವರ ಕೈಗೆ ಮುಟ್ಟಿತು.

ಇದೇನು ಮಹಾ ಎನ್ನುವವರು ಸ್ಪರ್ಶದ ಹಟವನ್ನು ಅರಿಯಬೇಕು. ಕಣ್ಣು ಉದಾರಿ, ಸೆಕೆಂಡಿಗೆ 24 ಚಿತ್ರಗಳನ್ನು ಓಡಿಸಿದರೆ ಅದನ್ನೇ ಸಿನಿಮಾ ಎಂದು ನಂಬುತ್ತದೆ. ಕೈ ಹಾಗಲ್ಲ. ಕಲ್ಪಿತ ಗೋಡೆಯೊಂದು ಗಟ್ಟಿಯೆನಿಸಬೇಕಾದರೆ ಯಂತ್ರವು ಸೆಕೆಂಡಿಗೆ ಸುಮಾರು 1,000 ಸಲ ಲೆಕ್ಕಹಾಕಿ ಎದುರುಬಲ ಕೊಡಬೇಕು. ತಡವಾದರೆ ಕೈ ಗೋಡೆಯೊಳಗೆ ಹೊಕ್ಕು, ಮರುಕ್ಷಣ ಹೊರದೂಡಲ್ಪಟ್ಟು, ಗೋಡೆಯೇ ನಡುಗತೊಡಗುತ್ತದೆ.

ದೂರ ಸೇರಿದರೆ ತೊಡಕು ಇಮ್ಮಡಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬಾಸ್ಟನ್ನಿನಿಂದ ಲಂಡನ್ನಿಗೆ 5,200 ಕಿಲೋಮೀಟರಿಗೂ ಹೆಚ್ಚು. ಹೋಗಿಬರಲು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿಗಿಂತ ಕಡಿಮೆ ಕಾಲ ಸಾಲದು. ಅಷ್ಟರಲ್ಲಿ ಈಚೆಯ ಕೈ ಸರಿದಿರುತ್ತದೆ. ಇಬ್ಬರೂ ಹಳೆಯ ಸುದ್ದಿಯನ್ನು ನಂಬಿ ಒತ್ತಿದರೆ ಪೆಟ್ಟಿಗೆ ತೂಗಾಡುತ್ತದೆ. ಶಿವಮೊಗ್ಗಕ್ಕೂ ಭದ್ರಾವತಿಗೂ ನೇರವಾದ ಎಳೆಯಿದ್ದರೆ ಅದೇ ಪಯಣಕ್ಕೆ ಸೆಕೆಂಡಿನ 5,000ದ ಒಂದು ಪಾಲು ಸಾಕು. ಅಂದರೆ ಈ ಎರಡು ಊರುಗಳ ನಡುವೆ ಅಡ್ಡವಿರುವುದು ದೂರವಲ್ಲ. ಸ್ಪರ್ಶವನ್ನು ಹಿಡಿದಿಡಬಲ್ಲ ಸಾಧನದ ಕೊರತೆ.

ಏಕೆಂದರೆ ಸ್ಪರ್ಶವೆಂಬುದು ಒಂದಲ್ಲ. ಭಾರ, ತಡೆ, ಸೆಳೆತಗಳನ್ನು ಸ್ನಾಯುಗಳೂ ಕೀಲುಗಳೂ ಅರಿಯುತ್ತವೆ. ಇವನ್ನು ಮೋಟಾರುಗಳಿಂದ ತಕ್ಕಮಟ್ಟಿಗೆ ಹುಟ್ಟಿಸಬಹುದು. ನುಣುಪು, ತೇವ, ಬಿಸಿ, ಮರಳಿನ ಕಣ ಜಾರುವ ಬಗೆ—ಇವು ಚರ್ಮದ ಜ್ಞಾನ. ಸದ್ಯದ ಕೈಚೀಲಗಳು ಬೆರಳ ತುದಿಯನ್ನು ಅದುರಿಸಿಯೋ ಒತ್ತಿಯೋ ಅದರ ನೆರಳನ್ನಷ್ಟೇ ತೋರಬಲ್ಲವು. ಕಣ್ಣಿಗೆ ಕಟ್ಟುವ ಕನ್ನಡಕವು ದೂರದ ಗುರುವಿನ ಗೆರೆಗಳನ್ನು ನಿಜವಾದ ಯಂತ್ರದ ಮೇಲೆಯೇ ಮೂಡಿಸಿ, ‘ಈ ತಿರುಪನ್ನು ತಿರುಗಿಸು’ ಎಂದು ತೋರಿಸೀತು. ಎಷ್ಟು ಬಿಗಿಯಾಗಿ ಎಂಬುದನ್ನು ಹೇಳಬೇಕಾದದ್ದು ಕೈ.

ಆ ದಿನ ಬಂದೇ ಬರಬಹುದು. ಬಂದಾಗ ಅದಕ್ಕೊಬ್ಬ ಗುರು ಬೇಕು. ಮುಷ್ಟಿಯಲ್ಲಿ ಮರಳಿನ ಹದ ಅರಿತವನು ಬೇಕು. ಕಳುಹಿಸುವ ಕೈಯೇ ಇಲ್ಲದಿದ್ದರೆ ಯಾವ ತಂತಿಯೂ ಸ್ಪರ್ಶವನ್ನು ಹೊತ್ತು ತರಲಾರದು. ಆದುದರಿಂದ ಇಂದಿನ ಮಟ್ಟಿಗೆ ಅತ್ಯುತ್ತಮ ಸಾಧನ ಹಳೆಯದೇ: ಹಿರಿಯನ ಪಕ್ಕದಲ್ಲಿ ಕಿರಿಯನೊಬ್ಬನು ನಿಂತು, ಅದೇ ರಾಶಿಯಿಂದ ತಾನೂ ಒಂದು ಹಿಡಿ ಮರಳನ್ನು ತೆಗೆದು ಹಿಂಡಿ ನೋಡುವುದು.