ಗುಳಿಮಂಡಲ: ಮದ್ದಿಲ್ಲದ ಹಾವಿನ ಮುಂದೆ ನಮ್ಮ ಎಚ್ಚರ



ಹಾವು ಕಡಿದರೆ ಆಸ್ಪತ್ರೆಯಲ್ಲಿ ಮದ್ದಿದೆ ಎಂಬ ಧೈರ್ಯದಿಂದ ನಾವೆಲ್ಲ ತೋಟಕ್ಕಿಳಿಯುತ್ತೇವೆ. ಆ ಧೈರ್ಯ ಬಹುಮಟ್ಟಿಗೆ ಸರಿಯಾದುದೇ. ಆದರೆ ನಮ್ಮ ಘಟ್ಟದ ಸೀಮೆಯಲ್ಲಿ ಅದಕ್ಕೊಂದು ಅಪವಾದವಿದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ದೊರೆಯುವ ಪ್ರತಿವಿಷವನ್ನು ನಾಲ್ಕು ಹಾವುಗಳ ವಿಷಕ್ಕೆಂದು ತಯಾರಿಸುತ್ತಾರೆ: ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಮಲೆನಾಡಿನ ಗುಳಿಮಂಡಲ ಈ ಪಟ್ಟಿಯಲ್ಲಿ ಇಲ್ಲ.

ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಸಣ್ಣ ಗುಳಿ ಇರುವುದರಿಂದ ಈ ಹೆಸರು. ಆ ಗುಳಿಯ ಮೂಲಕ ಹಾವು ಬಿಸಿರಕ್ತದ ಪ್ರಾಣಿಯ ಶಾಖವನ್ನು ಕತ್ತಲಲ್ಲೂ ಗ್ರಹಿಸುತ್ತದೆ. ನಮ್ಮ ತೋಟಗಳಲ್ಲಿ ಇವುಗಳ ಪೈಕಿ ಎರಡನ್ನು ಮುಖ್ಯವಾಗಿ ಗುರುತಿಟ್ಟುಕೊಳ್ಳಬೇಕು.

ಮೊದಲನೆಯದು ಮಲಬಾರ್ ಗುಳಿಮಂಡಲ. ಜರ್ಡನ್ ಎಂಬ ವೈದ್ಯ 1854ರಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಇಲ್ಲ. ಒಂದು ಹಸಿರು, ಒಂದು ಕಂದು, ಮತ್ತೊಂದು ಹಳದಿ, ಇನ್ನೊಂದು ತುಕ್ಕಿನ ಕೆಂಪು. ನೋಡಿದವರು ನಾಲ್ಕು ಜಾತಿಯೆಂದು ತಿಳಿಯುವುದು ಸಹಜ, ಆದರೆ ಎಲ್ಲವೂ ಒಂದೇ. ಕಪ್ಪೆ, ಹಲ್ಲಿ, ಸಣ್ಣ ಇಲಿ ಇದರ ಆಹಾರ. ಮೊಟ್ಟೆಯಿಡದೆ ಮರಿ ಹಾಕುತ್ತದೆ. ಮಳೆಗಾಲದಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಹಗಲೆಲ್ಲ ಗಿಡದ ರೆಕ್ಕೆಯ ಮೇಲೋ ಕಲ್ಲಿನ ಮೇಲೋ ಅಲುಗಾಡದೆ ಕುಳಿತಿರುತ್ತದೆ. ಜನರ ಸದ್ದಿಗೆ ಓಡಿಹೋಗುವ ಸ್ವಭಾವ ಇದರದಲ್ಲ. ಅಪಾಯ ಇರುವುದು ಅಲ್ಲಿಯೇ.

ಎರಡನೆಯದು ಗೂನುಮೂಗಿನ ಗುಳಿಮಂಡಲ. ಉದ್ದ ಒಂದರಿಂದ ಒಂದೂವರೆ ಅಡಿ. ಮೂಗಿನ ತುದಿ ಮೇಲಕ್ಕೆ ಚೂಪಾಗಿ ಎದ್ದಿರುತ್ತದೆ. ಬಣ್ಣ ಥೇಟ್ ದರಗಿನದೇ, ವಾಸವೂ ದರಗಿನಲ್ಲೇ. ನಮ್ಮ ಘಟ್ಟದಲ್ಲೂ ಶ್ರೀಲಂಕಾದಲ್ಲೂ ಇದೆ. ಗಾತ್ರ ನೋಡಿ ಉದಾಸೀನ ಮಾಡುವಂತಿಲ್ಲ. ಮಲಬಾರ್ ಗುಳಿಮಂಡಲದ ಕಡಿತದಿಂದ ಸಾಮಾನ್ಯವಾಗಿ ನೋವು, ಬಾವು ಬಂದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಇದರ ಕಡಿತದಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ, ಸಾವುಗಳೂ ಸಂಭವಿಸಿವೆ. ಇದನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಲಾಗುತ್ತಿದೆ, ಬಳಕೆಯಲ್ಲಿರುವ ಪ್ರತಿವಿಷ ಇದಕ್ಕೆ ನಾಟುವುದಿಲ್ಲ ಎಂದು ಕೇರಳದ ಪ್ರಕರಣಗಳ ಕುರಿತು 2007ರಲ್ಲಿ ಪ್ರಕಟವಾದ ವೈದ್ಯರ ವರದಿ ಎಚ್ಚರಿಸಿತು.

ಕೆಲವು ವರ್ಷಗಳ ಹಿಂದೆ ನನ್ನ ತೋಟದಲ್ಲೇ ಹಣ್ಣು ಕುಯ್ಯುತ್ತಿದ್ದ ಹೆಣ್ಣುಮಗಳೊಬ್ಬಳ ಬೆರಳಿಗೆ ಹಸಿರು ಗುಳಿಮಂಡಲ ಕಡಿಯಿತು. ಗಾಬರಿಯಲ್ಲಿ ತೋಳಿಗೆ ಟವೆಲ್ ಬಿಗಿದವನು ನಾನೇ. ಬಳೆ ತೆಗೆಸಬೇಕೆಂಬುದು ಹೊಳೆಯಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೈ ಊದಿ ಬಳೆಗಳನ್ನು ಒಡೆದೇ ತೆಗೆಯಬೇಕಾಯಿತು. ಆಕೆ ಗುಣವಾದಳು. ಆದರೆ ಆಕೆಗಾದ ನೋವಿನಲ್ಲಿ ಹಾವಿನ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಈಗಲೂ ಯೋಚಿಸುತ್ತೇನೆ. ಓದಿದವನೆಂಬ ಹೆಸರು ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಆದ್ದರಿಂದ ಈ ಕೆಳಗಿನವುಗಳನ್ನು ಪ್ರತಿ ಲೈನುಮನೆಯಲ್ಲೂ ಓದಿ ಹೇಳಬೇಕೆಂದು ಕೋರುತ್ತೇನೆ.

1. ಕಡಿತವಾದೊಡನೆ ಉಂಗುರ, ಬಳೆ, ವಾಚು, ಕಾಲುಂಗುರ ತೆಗೆಸಿರಿ. ಕೈಯನ್ನಾಗಲಿ ಕಾಲನ್ನಾಗಲಿ ಅಲುಗಾಡದಂತೆ ಇರಿಸಿ, ಧೈರ್ಯ ಹೇಳಿ, ನಡೆಸದೆ ಸಾಗಿಸಿರಿ.

2. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ನಾಟಿಮದ್ದಿಗೆಂದು ಒಂದು ಗಳಿಗೆಯನ್ನೂ ಕಳೆಯಬಾರದು.

3. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಡಿಸಿಕೊಳ್ಳಬಾರದು. ಸಾಧ್ಯವಾದರೆ ದೂರದಿಂದಲೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ವೈದ್ಯರಿಗೆ ತೋರಿಸಿರಿ.

4. ಗುಳಿಮಂಡಲಕ್ಕೆ ಮದ್ದಿಲ್ಲವೆಂದು ಮನೆಯಲ್ಲೇ ಉಳಿಯುವುದು ದೊಡ್ಡ ತಪ್ಪು. ಯಾವ ಹಾವೆಂಬ ನಮ್ಮ ಊಹೆ ಸುಳ್ಳಾಗಬಹುದು. ಪ್ರತಿವಿಷ ಬೇಕೇ ಬೇಡವೇ ಎಂಬುದು ವೈದ್ಯರ ತೀರ್ಮಾನ. ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಇರಿಸಿ, ಹೆಪ್ಪುಗಟ್ಟುವುದೇ ಎಂದು ನೋಡುವ ಸುಲಭ ಪರೀಕ್ಷೆಯಿದೆ. ಮೂತ್ರದ ಪ್ರಮಾಣ ಇಳಿದರೆ ಡಯಾಲಿಸಿಸ್ ಬೇಕಾದೀತು. ಬಾವು ಕಡಮೆಯೆಂದು ಅದೇ ದಿನ ಮನೆಗೆ ಕರೆತರುವ ಆತುರ ಬೇಡ.

ತಪ್ಪಿಸಿಕೊಳ್ಳುವ ಉಪಾಯಗಳು ದುಬಾರಿಯಲ್ಲ. ಕಳೆ ತೆಗೆಯುವವರಿಗೆ, ಉದುರಡಿಕೆ ಹೆಕ್ಕುವವರಿಗೆ ಗಂಬೂಟು ಕೊಡಿಸಿರಿ. ದರಗಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕೆದಕಲಿ. ಕಾಫಿ ಗಿಡಕ್ಕೆ ಕೈಯಿಡುವ ಮುನ್ನ ರೆಕ್ಕೆಯನ್ನು ಒಮ್ಮೆ ಕಣ್ಣಿನಿಂದ ಸವರಲಿ. ಸೋಗೆ, ಹಾಳೆ, ಸೌದೆಯ ರಾಶಿ ಮನೆಗೆ ತಾಗಿ ಬೇಡ. ರಾತ್ರಿ ಹೊರಗೆ ಕಾಲಿಡುವಾಗ ಕೈಯಲ್ಲಿ ಬ್ಯಾಟರಿ ಇರಲಿ. ಕಂಡ ಹಾವನ್ನು ಕೊಲ್ಲುವ ಅಗತ್ಯವಿಲ್ಲ. ಒಂದು ಮಾರು ದೂರ ಸರಿದರೆ ಅದು ನಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ.

ಕೊನೆಯದಾಗಿ ಒಂದು ಮಾತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಮ್ಮ ತೋಟದ ಪ್ರತಿಯೊಂದು ಕಡಿತವೂ ಹಾವಿನ ಗುರುತಿನೊಡನೆ ಆಸ್ಪತ್ರೆಯ ದಾಖಲೆಗೆ ಸೇರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಗುಳಿಮಂಡಲಕ್ಕೂ ಮದ್ದು ಬೇಕೆಂದು ನಾವು ಕೇಳುವ ದಿನ, ಎಷ್ಟು ಜನರಿಗೆ ಕಡಿದಿದೆ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಆಗ ಉತ್ತರ ಕೊಡಲು ನಮ್ಮಲ್ಲಿ ಲೆಕ್ಕವಿರಬೇಕು.