ಮುಕ್ತ ತಂತ್ರಾಂಶ ಸಮ್ಮೇಳನ: ಯಾವ ಗೋಷ್ಠಿ, ಯಾವ ಕೊಠಡಿ, ಎಷ್ಟು ಹೊತ್ತು?

ಮುಕ್ತ ತಂತ್ರಾಂಶ ಸಮ್ಮೇಳನಗಳಲ್ಲಿ ಒಂದೇ ಹೊತ್ತಿಗೆ ಮೂರು ನಾಲ್ಕು ಕೊಠಡಿಗಳಲ್ಲಿ ಬೇರೆ ಬೇರೆ ಗೋಷ್ಠಿಗಳು ನಡೆಯುತ್ತವೆ. ಒಂದು ವಿಷಯಕ್ಕೆ ಸೇರಿದ ಗೋಷ್ಠಿಗಳ ಸಾಲಿಗೆ ಟ್ರ್ಯಾಕ್ ಎಂದು ಹೆಸರು. ಯಾವ ಟ್ರ್ಯಾಕ್ ಇರಬೇಕು, ಯಾವುದು ಬೇಡ ಎಂಬುದನ್ನು ಆಯ್ಕೆ ಸಮಿತಿ ತಿಂಗಳುಗಳ ಮೊದಲೇ ನಿರ್ಧರಿಸುತ್ತದೆ. ಈ ತಂತ್ರಾಂಶಗಳ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇಂದು ಕೇಳುಗನಾಗಿ ಬಂದವನು ನಾಳೆ ಅದೇ ತಂತ್ರಾಂಶವನ್ನು ತಿದ್ದುವವನಾಗಬಲ್ಲ. ಆದ್ದರಿಂದ ಟ್ರ್ಯಾಕಿನ ಪಟ್ಟಿ ಬರೀ ವೇಳಾಪಟ್ಟಿಯಲ್ಲ. ಮುಂದೆ ಯಾವ ಕೆಲಸಕ್ಕೆ ಕೈಗಳು ಸಿಗುತ್ತವೆ ಎಂಬುದೂ ಅಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಕರ್ನಾಟಕದಲ್ಲಿ ಈ ಪಾಠವನ್ನು ಮೊದಲು ಕಲಿತದ್ದು ಬೆಂಗಳೂರು. 2001ರಲ್ಲಿ ಲಿನಕ್ಸ್ ಬ್ಯಾಂಗಲೂರ್ ಎಂಬ ಹೆಸರಿನಲ್ಲಿ ಆರಂಭವಾದ ಸಮ್ಮೇಳನ 2005ರಲ್ಲಿ ಫಾಸ್.ಇನ್ ಆಯಿತು. ಅತುಲ್ ಚಿಟ್ನಿಸ್ ಅದರ ಮುಂಚೂಣಿಯಲ್ಲಿದ್ದರು. ಆರಂಭದ ವರ್ಷಗಳಲ್ಲಿ ಉಪನ್ಯಾಸಗಳದ್ದೇ ಮೇಲುಗೈ. ಜನ ತುಂಬಿ ಬಂದರು, ಕೇಳಿದರು, ಮನೆಗೆ ಹೋದರು. ತಂತ್ರಾಂಶ ಬಳಸುವವರು ಹೆಚ್ಚಿದರೂ ಅದನ್ನು ಕಟ್ಟುವವರು ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. ನಂತರದ ವರ್ಷಗಳಲ್ಲಿ ಸಂಘಟಕರು ಧೈರ್ಯವಾಗಿ ದಾರಿ ಬದಲಿಸಿದರು. ಒಂದೊಂದು ಯೋಜನೆಗೆ ಅದರದೇ ದಿನ ಮೀಸಲಿಟ್ಟರು. ವರ್ಕ್‌ಔಟ್ ಎಂಬ ಕೂಟಗಳಲ್ಲಿ ಎಲ್ಲರೂ ಕೂತು ಕೋಡ್ ಬರೆಯುವಂತೆ ಮಾಡಿದರು. ಭಾಷಣ ಕೇಳಲೆಂದೇ ಬರುತ್ತಿದ್ದ ಕೆಲವರಿಗೆ ಇದು ರುಚಿಸದಿದ್ದರೂ ಸಂಘಟಕರ ಆಲೋಚನೆ ಸರಿಯಾಗಿಯೇ ಇತ್ತು. ಕೊನೆಯ ಫಾಸ್.ಇನ್ ನಡೆದದ್ದು 2012ರಲ್ಲಿ.

ಯೋಜನೆ ಶುರುವಾಗುವುದು ಲೆಕ್ಕದಿಂದ. ಬೆಳಗ್ಗೆ 9.30ರಿಂದ ಸಂಜೆ 5.30ರವರೆಗೆ ಸಮ್ಮೇಳನ ಎಂದುಕೊಂಡರೆ, ಊಟಕ್ಕೆ ಒಂದು ಗಂಟೆ, ಎರಡು ಸಲದ ಚಹಾಕ್ಕೆ ಇನ್ನೊಂದು ಗಂಟೆ ಕಳೆದು ಆರು ಗಂಟೆ ಉಳಿಯುತ್ತದೆ. 20 ನಿಮಿಷ ಮಾತು, ಐದು ನಿಮಿಷ ಪ್ರಶ್ನೆ, ಕೊಠಡಿ ಬದಲಿಸಲು ಐದು ನಿಮಿಷ ಎಂದರೆ ಕೊಠಡಿಗೆ ದಿನಕ್ಕೆ 12 ಗೋಷ್ಠಿ. ಮೂರು ಕೊಠಡಿ, ಎರಡು ದಿನಕ್ಕೆ 72. ದಿನಕ್ಕೊಂದು ಗಂಟೆ ಎಲ್ಲರೂ ಒಟ್ಟಿಗೆ ಕೇಳುವ ಮುಖ್ಯ ಭಾಷಣ ಇಟ್ಟರೆ 12 ಕಡಿಮೆಯಾಗಿ 60ಕ್ಕೆ ಇಳಿಯುತ್ತದೆ. ಇಷ್ಟು ಗೊತ್ತಿಲ್ಲದೆ ಪ್ರಸ್ತಾವಗಳಿಗೆ ಒಪ್ಪಿಗೆ ಕೊಡುತ್ತಾ ಹೋದರೆ ಕೊನೆಗೆ ಒಪ್ಪಿಕೊಂಡವರನ್ನೇ ಕೈಬಿಡಬೇಕಾಗುತ್ತದೆ.

ಬಂದ ಪ್ರಸ್ತಾವಗಳನ್ನು ವಿಂಗಡಿಸುವುದೇ ಕಷ್ಟದ ಕೆಲಸ. ಕನ್ನಡದ ಒಂದು ಉದಾಹರಣೆ ನೋಡಬಹುದು. ‘ಸೂರ್ಯ’ ಎಂಬುದನ್ನು ಅರ್ಕಾವೊತ್ತಿನಿಂದ ಬರೆಯಬಹುದು, ‘ಸೂರ‍್ಯ’ ಎಂದೂ ಬರೆಯಬಹುದು. ಎರಡನೆಯ ರೂಪಕ್ಕೆ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಬೇಕು. ಹುಡುಕುವ ತಂತ್ರಾಂಶ ಆ ಚಿಹ್ನೆಯನ್ನು ಕಡೆಗಣಿಸದಿದ್ದರೆ ಒಂದು ರೂಪವನ್ನು ಹುಡುಕಿದಾಗ ಇನ್ನೊಂದು ಸಿಗುವುದಿಲ್ಲ. ಈ ಕುರಿತ ಗೋಷ್ಠಿ ಯಾವ ಟ್ರ್ಯಾಕಿಗೆ ಸೇರಬೇಕು? ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಕೆಲಸ ಮಾಡುವುದು ಅದೇ. ಫಾಂಟ್ ವಿನ್ಯಾಸಕರಿಗೂ ವಿಷಯ ಬೇಕು, ಹುಡುಕಾಟದ ತಂತ್ರಾಂಶ ಬರೆಯುವವರಿಗೂ ಬೇಕು, ವಿಕಿಪೀಡಿಯ ಸಂಪಾದಕರಿಗೂ ಬೇಕು. ಭಾಷೆಗೆ ಪ್ರತ್ಯೇಕ ಟ್ರ್ಯಾಕ್ ಇಲ್ಲದ ಕಡೆ ಇಂಥ ಪ್ರಸ್ತಾವ ‘ಇತರೆ’ ಎಂಬ ಕಟ್ಟಿಗೆ ಬಿದ್ದು, ಊಟದ ನಂತರದ ಖಾಲಿ ಕೊಠಡಿಯಲ್ಲಿ ನಾಲ್ಕು ಜನರ ಮುಂದೆ ಮುಗಿದುಹೋಗುತ್ತದೆ. ಟ್ರ್ಯಾಕ್ ಇದ್ದರೆ ಆ ಮೂರೂ ಬಗೆಯವರು ಒಂದೇ ಕಡೆ ಸಿಗುತ್ತಾರೆ, ದೋಷ ತಿದ್ದುವ ಕೆಲಸ ಅಲ್ಲೇ ಆರಂಭವಾಗುತ್ತದೆ.

ಈ ತೊಡಕಿಗೆ ಬ್ರಸೆಲ್ಸ್‌ನಲ್ಲಿ ಪ್ರತಿವರ್ಷ ನಡೆಯುವ ಫಾಸ್‌ಡೆಮ್ ಸಮ್ಮೇಳನ ಒಳ್ಳೆಯ ದಾರಿ ಕಂಡುಕೊಂಡಿದೆ. ಅಲ್ಲಿ ಒಂದೊಂದು ಸಮುದಾಯಕ್ಕೆ ಒಂದೊಂದು ಕೊಠಡಿ. ಅದಕ್ಕೆ ಡೆವ್‌ರೂಮ್ ಎನ್ನುತ್ತಾರೆ. ಆ ಕೊಠಡಿಯ ಗೋಷ್ಠಿಗಳನ್ನು ಆರಿಸುವುದೂ ಆ ಸಮುದಾಯದವರೇ. ಫಾಸ್ ಯುನೈಟೆಡ್ ಸಂಸ್ಥೆ ಬೆಂಗಳೂರಿನಲ್ಲಿ ನಡೆಸುವ ಇಂಡಿಯಾಫಾಸ್ ಸಮ್ಮೇಳನ ಕೂಡ ಡೆವ್‌ರೂಮ್ ಪದ್ಧತಿಯನ್ನು ಅಳವಡಿಸಿಕೊಂಡಿದೆ. ವಿಷಯ ಬಲ್ಲವರೇ ಆರಿಸುವುದರಿಂದ ಆಯ್ಕೆ ಗಟ್ಟಿಯಾಗುತ್ತದೆ. ಆದರೆ ಪರಿಚಿತರಿಗೇ ಮಣೆ ಹಾಕುವ ಅಪಾಯವೂ ಇದೆ. ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿಟ್ಟು ಪ್ರಸ್ತಾವ ಓದುವುದು ಅದಕ್ಕೆ ಮದ್ದು.

ವೇಳೆ ಹೊಂದಿಸುವಾಗ ಒಂದೇ ಬಗೆಯ ಕೇಳುಗರನ್ನು ಸೆಳೆಯುವ ಎರಡು ಗೋಷ್ಠಿಗಳು ಒಂದೇ ಹೊತ್ತಿಗೆ ಬೀಳದಂತೆ ನೋಡಿಕೊಳ್ಳಬೇಕು. ಪರಿಚಯದ ಗೋಷ್ಠಿ ಮೊದಲು, ಆಳದ್ದು ಆಮೇಲೆ. ಮಧ್ಯಾಹ್ನದ ಮಂಪರಿಗೆ ಕಾರ್ಯಾಗಾರವೇ ಸೂಕ್ತ. ಪ್ರೀಟಾಲ್ಕ್ಸ್‌ನಂಥ ಮುಕ್ತ ತಂತ್ರಾಂಶ ಒಬ್ಬರೇ ಭಾಷಣಕಾರರು ಎರಡು ಕಡೆ ಬಿದ್ದರೆ ಎಚ್ಚರಿಸುತ್ತದೆ. ಉಳಿದ ವಿವೇಚನೆ ಮನುಷ್ಯರದೇ.

ಇಂಥ ಸಮ್ಮೇಳನ ಬೆಂಗಳೂರಿಗೇ ಮೀಸಲಾಗಬೇಕಿಲ್ಲ. ಕಲಬುರಗಿಯ ಖೂಬಾ ಪ್ಲಾಟ್‌ನ ವಿದ್ಯಾರ್ಥಿಗೆ ಬೆಂಗಳೂರೆಂದರೆ ಒಂದು ರಾತ್ರಿಯ ಪ್ರಯಾಣ, ಮೇಲೆ ವಸತಿಯ ಖರ್ಚು. ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇದೆ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ. ಕೊಠಡಿಗಳಿಗಾಗಲಿ ಕೇಳುಗರಿಗಾಗಲಿ ಕೊರತೆ ಇಲ್ಲ. ಉರ್ದುವೂ ಬಳಕೆಯಲ್ಲಿರುವ ಇಲ್ಲಿನ ಭಾಷಾ ಟ್ರ್ಯಾಕಿಗೆ ಇನ್ನೂ ಕೆಲವು ಪ್ರಶ್ನೆಗಳು ಸಹಜವಾಗಿ ಬರುತ್ತವೆ: ಎಡದಿಂದ ಬಲಕ್ಕೆ ಸಾಗುವ ಕನ್ನಡ, ಬಲದಿಂದ ಎಡಕ್ಕೆ ಸಾಗುವ ಉರ್ದು ಒಂದೇ ಸಾಲಿನಲ್ಲಿ ಬಂದಾಗ ಅಂಕಿಗಳೂ ಆವರಣ ಚಿಹ್ನೆಗಳೂ ಎಲ್ಲಿ ನಿಲ್ಲಬೇಕು? ಇದಕ್ಕೆ ಯೂನಿಕೋಡ್‌ನಲ್ಲಿ ನಿಯಮವಿದೆ. ಎರಡೂ ಲಿಪಿ ಓದಬಲ್ಲವರು ಪರೀಕ್ಷಿಸಿದರೆ ತಪ್ಪುಗಳು ಬೇಗ ಸಿಗುತ್ತವೆ. ಜಿಲ್ಲೆಯ ಕಮಲಾಪುರದಂಥ ಊರುಗಳಿಂದ ಬರುವವರು ಸಂಜೆಯ ಬಸ್ಸು ಹಿಡಿಯಬೇಕಾದ್ದರಿಂದ ಕಾರ್ಯಾಗಾರಗಳನ್ನು ನಾಲ್ಕು ಗಂಟೆಯೊಳಗೆ ಮುಗಿಸುವುದೂ ಯೋಜನೆಯ ಭಾಗವಾಗಬೇಕು. ಕಲ್ಯಾಣ ಕರ್ನಾಟಕದ ಯಾವುದೇ ಕಾಲೇಜು ಇದಕ್ಕೆ ಕೈಹಾಕಿದರೆ, ವೇಳಾಪಟ್ಟಿ ಬರೆಯುವ ಮೊದಲೇ ಭಾಷಾ ಟ್ರ್ಯಾಕಿಗೆ ಒಂದು ಒಳ್ಳೆಯ ಕೊಠಡಿಯನ್ನು, ಅದೂ ಬೆಳಗಿನ ಹೊತ್ತಿಗೆ, ತೆಗೆದಿಡಲಿ.